ಆಗಂಗಿಲ್ಲ ಅಂದಾಗ ಆಗುವುದೇನು?

ಮುಂಗಾರಿನ ಬಹಳಷ್ಟು ಬೆಳೆಗಳಿಗೆ ವಿಮೆ ತುಂಬುವ ಗಡುವು ಜುಲೈ ಕೊನೆಗೆ ಬರುತ್ತದೆ. ಆ ಹೊತ್ತಿಗೆ ಕಿತ್ತೂರಿನ ಸಮೀಪದ ದೇಗಾಂವದಲ್ಲಾಗಲಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಯಾವುದೇ ಊರಲ್ಲಾಗಲಿ ಕಟ್ಟೆಯ ಮೇಲೆ ಕೂತರೆ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. ‘ನಮ್ಮ ನಸೀಬದಾಗ ಎಲ್ಲೈತ್ರಿ ಅದು, ತುಂಬಿದರೂ ಬರಂಗಿಲ್ಲ ಬಿಡ್ರಿ’ ಎಂಬುದು ಒಂದು. ‘ಅದೆಲ್ಲಾ ಕಂಪನಿಯವರು ತಿನ್ನಾಕ ಮಾಡಿದ್ದು, ರೈತಗ ಯಾರ ಕೊಡತಾರ?’ ಎಂಬುದು ಇನ್ನೊಂದು.

ಕೇಳಲಿಕ್ಕೆ ಎರಡೂ ಒಂದೇ ಅನಿಸುತ್ತವೆ. ಎರಡರಿಂದಲೂ ಅರ್ಜಿ ತುಂಬದೇ ಉಳಿಯುತ್ತದೆ. ಆದರೆ ಮೊದಲನೆಯದು ನಿರಾಶೆ, ಎರಡನೆಯದು ಸಿನಿಕತನ. ನಿರಾಶೆಯ ಅನುಮಾನ ಫಲದ ಮೇಲೆ; ಸಿನಿಕತನದ ಅನುಮಾನ ಮನುಷ್ಯರ ಮೇಲೆ. ನಿರಾಶನಾದವನಿಗೆ ಪ್ರಯತ್ನದ ಮೇಲೆ ನಂಬಿಕೆಯಿಲ್ಲ, ಸಿನಿಕನಾದವನಿಗೆ ಎದುರಿಗಿರುವವರ ಮೇಲೆ. ಎರಡೂ ಕೆಲಸ ಮಾಡುವ ಬಗೆ ಬೇರೆ, ಅವುಗಳಿಂದ ಹೊರಗೆ ಬರುವ ದಾರಿಯೂ ಬೇರೆ. ಅದಕ್ಕೇ ಈ ಲೇಖನ.

ಮೊದಲೇ ಒಂದು ಮಾತು ಹೇಳಬೇಕು. ಈ ಸೀಮೆಯ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೆ ಇತಿಹಾಸವಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದಾಗ ಒಣಬೇಸಾಯದ ಕರಿಮಣ್ಣಿನ ನಾಡು ನೀರಾವರಿಯ ಆಸೆಯಿಂದ ಎದ್ದು ಕೂತಿತ್ತು. ಆಮೇಲೆ ಬಂದದ್ದು ಅಭಿವೃದ್ಧಿ ಕರ. ಕಾಲುವೆ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ, ನೀರು ನಿಂತು ಜವುಳಾದ ಹೊಲಕ್ಕೂ ಕರ. 1980ರಲ್ಲಿ ನರಗುಂದ, ನವಲಗುಂದ, ಸವದತ್ತಿ ಭಾಗದ ರೈತರು ಬೀದಿಗಿಳಿದರು. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಇವತ್ತಿಗೂ ಆ ದಿನ ನರಗುಂದ, ನವಲಗುಂದಗಳಲ್ಲಿ ಹುತಾತ್ಮ ರೈತರ ಸ್ಮರಣೆ ನಡೆಯುತ್ತದೆ. ಇದೇ ಮಲಪ್ರಭೆಗೆ ಮಹದಾಯಿ ನದಿಯ ಹಳ್ಳಗಳಿಂದ ನೀರು ತರಬೇಕೆಂಬ ಕಳಸಾ-ಬಂಡೂರಿ ಹೋರಾಟಕ್ಕೆ ದಶಕಗಳೇ ಕಳೆದವು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಈ ಎರಡು ಹಳ್ಳಗಳಿಂದ ತಿರುಗಿಸಲು 3.9 ಟಿಎಂಸಿ ಹಂಚಿಕೆ ಮಾಡಿತು. ತೀರ್ಪು ಬಂದ ಎಷ್ಟೋ ವರ್ಷಗಳ ಮೇಲೂ ಜನ ನೀರಿನ ದಾರಿ ಕಾದದ್ದೇ ಆಯಿತು. ಕೊಟ್ಟ ಮಾತು ತಡವಾಗುವುದನ್ನೂ ತಪ್ಪುವುದನ್ನೂ ಕಣ್ಣಾರೆ ಕಂಡವರಿಗೆ ‘ನೀವು ಸ್ವಲ್ಪ ಆಶಾವಾದಿಗಳಾಗಿ’ ಎಂದು ಬೋಧಿಸುವುದು ನನಗೆ ಅವಮಾನದ ಮಾತಾಗಿ ಕಾಣುತ್ತದೆ. ಅನುಮಾನ ಪಡುವುದು ತಪ್ಪಲ್ಲ. ಅನುಮಾನವನ್ನು ಒರೆಗೆ ಹಚ್ಚದೆ ಹಾಗೇ ಬಿಡುವುದರಲ್ಲಿ ನಷ್ಟವಿದೆ.

ಆ ನಷ್ಟ ಹೇಗೆ ಆಗುತ್ತದೆ ಎಂಬುದನ್ನು ಜರ್ಮನಿಯಲ್ಲಿ ನಡೆದ ಒಂದು ಪ್ರಯೋಗ ಚೆನ್ನಾಗಿ ತೋರಿಸಿತು. ಡೆಟ್ಲೆಫ್ ಫೆಚೆನ್‌ಹಾವರ್ ಮತ್ತು ಡೇವಿಡ್ ಡನಿಂಗ್ ಎಂಬ ಮನಶ್ಶಾಸ್ತ್ರಜ್ಞರು 2010ರಲ್ಲಿ ಅದನ್ನು ಪ್ರಕಟಿಸಿದರು. ನಿಮ್ಮ ಕೈಯಲ್ಲಿ ಸ್ವಲ್ಪ ಹಣವಿದೆ. ಅದನ್ನು ಗುರುತಿಲ್ಲದ ಒಬ್ಬರಿಗೆ ಕೊಟ್ಟರೆ ಆ ಹಣ ಹಲವು ಪಟ್ಟು ಆಗುತ್ತದೆ. ಅವರು ಅದರಲ್ಲಿ ಅರ್ಧ ನಿಮಗೆ ತಿರುಗಿ ಕೊಡಬಹುದು, ಇಲ್ಲವೇ ಪೂರ್ತಿ ಇಟ್ಟುಕೊಳ್ಳಬಹುದು. ‘ಎಷ್ಟು ಜನ ತಿರುಗಿ ಕೊಟ್ಟಾರು?’ ಎಂದು ಕೇಳಿದರೆ ಬಹಳ ಮಂದಿ ಸುಮಾರು ಅರ್ಧದಷ್ಟು ಎಂದರು. ನಿಜಕ್ಕೆ ತಿರುಗಿ ಕೊಡುವವರು ನೂರಕ್ಕೆ ಎಂಬತ್ತರ ಆಸುಪಾಸು ಇದ್ದರು.

ಇಷ್ಟು ದೊಡ್ಡ ತಪ್ಪು ಅಂದಾಜು ತಿದ್ದಿಕೊಳ್ಳದೆ ಹೇಗೆ ಉಳಿಯಿತು? ನಂಬಿ ಕೊಟ್ಟವನಿಗೆ ಉತ್ತರ ಸಿಗುತ್ತದೆ. ಮೋಸವಾದರೆ ಗೊತ್ತಾಗುತ್ತದೆ, ಆಗದಿದ್ದರೂ ಗೊತ್ತಾಗುತ್ತದೆ. ನಂಬದೆ ಹಣ ಕಿಸೆಯಲ್ಲಿಟ್ಟುಕೊಂಡವನಿಗೆ ಎದುರಿನವನು ಏನು ಮಾಡುತ್ತಿದ್ದ ಎಂಬುದು ಎಂದೂ ಗೊತ್ತಾಗುವುದಿಲ್ಲ. ನಂಬಿ ಕೆಟ್ಟ ಲೆಕ್ಕ ಮನಸ್ಸಿನಲ್ಲಿ ಕೂಡುತ್ತಾ ಹೋಗುತ್ತದೆ. ನಂಬದೆ ಕಳಕೊಂಡದ್ದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಸಿನಿಕನಿಗೆ ತನ್ನ ಅಂದಾಜು ಪ್ರತಿ ಸಲವೂ ಸರಿಯಾಯಿತು ಎಂದೇ ತೋರುತ್ತದೆ. ನಂಬಿದವರಿಗೂ ನಂಬದವರಿಗೂ ಸಮನಾಗಿ ಉತ್ತರ ತಿಳಿಸಿದಾಗ ಜನರ ಅಂದಾಜು ನಿಜದ ಹತ್ತಿರಕ್ಕೆ ಬಂತು. ಈ ಲೇಖನದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ.

ನಮ್ಮ ಶಾಲೆಗಳಲ್ಲೇ ಇದನ್ನು ನೋಡಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ಇಯತ್ತೆಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತನೇ ಇಯತ್ತೆಯಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಖರ್ಚು ಎಂದರೆ ಒಂದು ಅರ್ಜಿ, ಆದಾಯ ಪ್ರಮಾಣಪತ್ರಕ್ಕೆ ಓಡಾಟ, ಪರೀಕ್ಷೆಗೆ ಹೋಗುವ ಒಂದು ದಿನ, ಅದಕ್ಕೆ ಮುಂಚಿನ ಕೆಲವು ವಾರಗಳ ಓದು. ‘ಅದು ಪ್ಯಾಟಿ ಹುಡುಗರಿಗೆ, ವಶೀಲಿ ಇದ್ದವರಿಗೆ’ ಎಂದು ಪಾಲಕರೊಬ್ಬರು ಅರ್ಜಿ ಹಾಕಿಸದಿದ್ದರೆ ಆ ಮನೆಯಿಂದ ಹೋದದ್ದು ಏನೆಂದು ಯಾರಿಗೂ ಕಾಣುವುದಿಲ್ಲ. ಯಾರೂ ಬಂದು ‘ನಿಮ್ಮ ಮಗಳು ಪಾಸಾಗುತ್ತಿದ್ದಳು’ ಎನ್ನುವುದಿಲ್ಲ. ಅರ್ಜಿ ಹಾಕಿ ಸಿಗದಿದ್ದ ಮನೆಯ ಬೇಸರ ಮಾತ್ರ ಊರಿಗೆಲ್ಲ ಕೇಳುತ್ತದೆ. ಮುಂದಿನ ವರ್ಷ ಪಕ್ಕದ ಮನೆಯವರು ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತಾರೆ. ಕಿತ್ತೂರಿನಲ್ಲಿ 1969ರಿಂದ ನಡೆದುಬಂದಿರುವ ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ವಸತಿ ಶಾಲೆಯ ಆರನೇ ಇಯತ್ತೆಯ ಪ್ರವೇಶ ಪರೀಕ್ಷೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಶಾಲೆ ಕಣ್ಣೆದುರಿಗಿದೆ ಎಂದ ಮಾತ್ರಕ್ಕೆ ಅರ್ಜಿ ತಾನಾಗಿ ಬರುವುದಿಲ್ಲ.

ಇನ್ನು ಬೆಳೆವಿಮೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಮ್ಮ ಕಡೆ ಸಿನಿಕತನ ಬೆಳೆಯಲು ಇದರಷ್ಟು ಹದವಾದ ಜಾಗ ಇನ್ನೊಂದಿಲ್ಲ, ಅದರ ಅರ್ಧ ಪಾಲು ನಿಯಮ ತಿಳಿಯದ್ದರಿಂದ ಹುಟ್ಟಿದ್ದು.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವ ಕಂತು ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳಿಗೆ ವಿಮಾ ಮೊತ್ತದ ಗರಿಷ್ಠ ಶೇಕಡಾ 2, ಹಿಂಗಾರಿಗೆ 1.5, ಹತ್ತಿಯಂಥ ವಾಣಿಜ್ಯ ಬೆಳೆಗೆ 5. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತುಂಬುತ್ತವೆ. ಬೆಳೆ ಹಾಳಾಯಿತೋ ಇಲ್ಲವೋ ಎಂಬುದನ್ನು ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು ಒಂದು ಘಟಕವಾಗಿ ಹಿಡಿದು ನೋಡುತ್ತಾರೆ. ಒಬ್ಬೊಬ್ಬರ ಹೊಲವನ್ನು ನೋಡುವುದಿಲ್ಲ. ಹೀಗೆ ನಡೆಯುತ್ತದೆ: ಪಂಚಾಯಿತಿಯಲ್ಲಿ ಆ ಬೆಳೆ ಇರುವ ಕೆಲವು ಹೊಲಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಕೊಯ್ಲಿನ ಹೊತ್ತಿಗೆ ಸಿಬ್ಬಂದಿ ಬಂದು ಬಹಳಷ್ಟು ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಗೂಟ ಹೊಡೆದು, ಹಗ್ಗ ಕಟ್ಟಿ ಗುರುತಿಸುತ್ತಾರೆ. ಆ ಚೌಕದೊಳಗಿನ ಬೆಳೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ಕಾಳನ್ನು ತೂಗುತ್ತಾರೆ. ಇಂಥ ಪ್ರಯೋಗಗಳ ಸರಾಸರಿಯೇ ಆ ವರ್ಷ ಇಡೀ ಪಂಚಾಯಿತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿಯನ್ನು ಆಧಾರ ಮಾಡಿಕೊಂಡು ಒಂದು ಮಟ್ಟ ಗೊತ್ತು ಮಾಡಿರುತ್ತಾರೆ. ಈ ವರ್ಷದ ಇಳುವರಿ ಆ ಮಟ್ಟಕ್ಕಿಂತ ಎಷ್ಟು ಭಾಗ ಕಡಿಮೆಯೋ ವಿಮಾ ಮೊತ್ತದ ಅಷ್ಟು ಭಾಗ ಪರಿಹಾರ.

ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ಎಕರೆಗೆ ವಿಮಾ ಮೊತ್ತ 20,000 ರೂಪಾಯಿ, ರೈತನ ಕಂತು 400. ಗೊತ್ತು ಮಾಡಿದ ಮಟ್ಟ ಎಕರೆಗೆ 5 ಕ್ವಿಂಟಲ್, ಈ ವರ್ಷದ ಪಂಚಾಯಿತಿ ಸರಾಸರಿ 4 ಕ್ವಿಂಟಲ್. ಐದರಲ್ಲಿ ಒಂದು ಪಾಲು ಕಡಿಮೆ, ಆದ್ದರಿಂದ ಪರಿಹಾರ 4,000 ರೂಪಾಯಿ. ಈ ಹಣ ಆ ಬೆಳೆಗೆ ವಿಮೆ ತುಂಬಿದ ಎಲ್ಲರಿಗೂ ಬರುತ್ತದೆ. ಬೋರ್‌ವೆಲ್ ನೀರು ಕೊಟ್ಟು 7 ಕ್ವಿಂಟಲ್ ಬೆಳೆದವನಿಗೂ ಬರುತ್ತದೆ. ತಿರುವುಮುರುವಾಗಿ, ನಿಮ್ಮೊಬ್ಬರ ಹೊಲ ಕೀಡೆ ಬಿದ್ದು ಪೂರ್ತಿ ಹೋಗಿದ್ದರೂ ಪಂಚಾಯಿತಿ ಸರಾಸರಿ 5 ಇದ್ದರೆ ನಿಮಗೆ ಏನೂ ಇಲ್ಲ.

ಈಗ ಕಟ್ಟೆಯ ಮಾತನ್ನು ಮತ್ತೆ ಕೇಳಿ. ‘ಅವನ ಹೊಲ ಹಸರ ಇತ್ತು, ಅವಗ ರೊಕ್ಕ ಬಂತು, ನಂದು ಸುಟ್ಟು ಹೋಗಿತ್ತು, ನನಗ ಬರಲಿಲ್ಲ. ಅವರವರ ಮಂದಿಗಷ್ಟ ಕೊಡತಾರ.’ ಹೇಳಿದ ಸಂಗತಿ ಎರಡೂ ಸತ್ಯ ಇರಬಹುದು. ಪಕ್ಕದ ಪಂಚಾಯಿತಿಯ ಹೊಲವಾಗಿದ್ದರೆ ಅಥವಾ ಬೆಳೆ ಬೇರೆಯಾಗಿದ್ದರೆ ಹಾಗಾಗುತ್ತದೆ. ತೀರ್ಮಾನ ಮಾತ್ರ ತಪ್ಪು. ನಿಯಮದ ಒರಟುತನ ಯಾರದೋ ಪಕ್ಷಪಾತವಾಗಿ ಕಂಡಿತು. ಈ ನಿಯಮ ನ್ಯಾಯವೇ ಎಂದು ಕೇಳುವ ಹಕ್ಕು ರೈತನಿಗಿದೆ, ಕೇಳಲೇಬೇಕು. ಆದರೆ ‘ಎಲ್ಲಾ ಮೋಸ’ ಎಂದು ಮುಗಿಸಿದವನಿಗೆ ಯಾರನ್ನು ಏನು ಕೇಳಬೇಕು ಎಂಬುದೇ ಉಳಿಯುವುದಿಲ್ಲ. ತಪ್ಪು ಮಾಡಿದ ಕಚೇರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಸಿನಿಕತನ ಅಧಿಕಾರಕ್ಕೆ ಎದುರು ನಿಂತಂತೆ ಕಾಣುತ್ತದೆ, ಆದರೆ ಅದು ಕಚೇರಿಗೆ ಹೋಗಿ ಒಂದು ಅರ್ಜಿಯನ್ನೂ ಕೊಡುವುದಿಲ್ಲ.

ಸಿನಿಕರು ಜಾಣರು ಎಂಬ ಭಾವನೆ ಎಲ್ಲ ಕಡೆಯೂ ಇದೆ. ‘ಅಂವಗ ಎಲ್ಲಾ ಗೊತ್ತೈತಿ, ಯಾರ ಬಲಿಗೂ ಬೀಳಂಗಿಲ್ಲ’ ಎಂದು ನಾವು ಮೆಚ್ಚಿಕೊಳ್ಳುತ್ತೇವೆ. ಓಲ್ಗಾ ಸ್ಟಾವ್ರೊವಾ ಮತ್ತು ಡೇನಿಯಲ್ ಏಲೆಬ್ರಾಕ್ಟ್ ಎಂಬ ಸಂಶೋಧಕರು 30 ದೇಶಗಳ ಸುಮಾರು ಎರಡು ಲಕ್ಷ ಜನರ ಮಾಹಿತಿ ಇಟ್ಟುಕೊಂಡು 2018ರಲ್ಲಿ ಬರೆದದ್ದು ಇದಕ್ಕೆ ವಿರುದ್ಧವಾಗಿದೆ. ಜನ ಸಿನಿಕರನ್ನು ಬುದ್ಧಿವಂತರೆಂದು ಎಣಿಸುತ್ತಾರೆ, ಆದರೆ ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಸಿನಿಕರು ಸರಾಸರಿ ಹಿಂದೆಯೇ ಉಳಿದರು. ಅದಕ್ಕೂ ಮುಂಚೆ, 2016ರಲ್ಲಿ, ಅವರೇ ಆದಾಯದ ಲೆಕ್ಕ ನೋಡಿದ್ದರು. ಮನುಷ್ಯರನ್ನು ಸಂಶಯದಿಂದಲೇ ನೋಡುವವರ ಗಳಿಕೆ ವರ್ಷಗಳು ಕಳೆದಂತೆ ಉಳಿದವರಿಗಿಂತ ಕಡಿಮೆಯಾಗಿತ್ತು. ಸಹಾಯ ಕೇಳುವುದಿಲ್ಲ, ಪಾಲುದಾರಿಕೆಗೆ ಹೋಗುವುದಿಲ್ಲ, ಕಾವಲಿಗೇ ಶಕ್ತಿ ಕಳೆಯುತ್ತಾರೆ ಎಂಬುದು ಅವರು ಕೊಟ್ಟ ವಿವರಣೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನು ಮುಚ್ಚಿಡಬಾರದು: ಕೊಲೆಗಳು ಹೆಚ್ಚಿದ್ದ ದೇಶಗಳಲ್ಲಿ ಈ ನಷ್ಟ ಅಷ್ಟಾಗಿ ಕಾಣಲಿಲ್ಲ. ನಿಜವಾಗಿ ಅಪಾಯ ಇರುವಲ್ಲಿ ಸಂಶಯ ಕಾಯುತ್ತದೆ. ತಿಂಗಳಿಗೆ ಹಣ ಇಮ್ಮಡಿ ಮಾಡಿಕೊಡುತ್ತೇವೆ ಎಂದು ಬರುವವರ ಮೇಲೆ, ಫೋನ್ ಮಾಡಿ ಓಟಿಪಿ ಕೇಳುವವರ ಮೇಲೆ ಸಂಶಯ ಪಡಲೇಬೇಕು, ಬಾಗಿಲು ಹಾಕಲೇಬೇಕು.

ನಿರಾಶೆಯ ಕಥೆ ಬೇರೆ. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಅಮೆರಿಕದಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗ ಈಗ ಕ್ರೂರವೆನಿಸುತ್ತದೆ. ಏನು ಮಾಡಿದರೂ ನಿಲ್ಲಿಸಲಾಗದ ವಿದ್ಯುತ್ ಆಘಾತ ತಿಂದ ನಾಯಿಗಳಲ್ಲಿ ಬಹಳಷ್ಟು, ಮುಂದೆ ಗಿಡ್ಡ ತಡೆಯೊಂದನ್ನು ಹಾರಿದರೆ ತಪ್ಪಿಸಿಕೊಳ್ಳಬಹುದಾಗಿದ್ದರೂ ಹಾರದೆ ಬಿದ್ದುಕೊಂಡವು. ಸೋಲನ್ನು ಕಲಿತುಬಿಟ್ಟವು ಎಂದು ಆಗ ವಿವರಿಸಿದರು. 2016ರಲ್ಲಿ ಇಬ್ಬರೂ ಮೆದುಳಿನ ಹೊಸ ಅಧ್ಯಯನಗಳ ಆಧಾರದ ಮೇಲೆ ತಮ್ಮ ವಿವರಣೆಯನ್ನೇ ತಿರುಗಿಸಿದರು: ದೀರ್ಘ ಕಷ್ಟದಲ್ಲಿ ಕೈಚೆಲ್ಲುವುದು ಮೆದುಳಿನ ಸಹಜ ನಡೆ, ‘ನನ್ನ ಕೈಯಲ್ಲಿ ಏನೋ ಇದೆ’ ಎಂಬುದೇ ಕಲಿಯಬೇಕಾದ ಪಾಠ. ಆ ನಾಯಿಗಳನ್ನು ಎಬ್ಬಿಸಲು ಸಂಶೋಧಕರು ಅವುಗಳನ್ನು ಎಳೆದು ತಡೆ ದಾಟಿಸಬೇಕಾಯಿತು, ಅದೂ ಮತ್ತೆ ಮತ್ತೆ. ಆಮೇಲೆ ಅವು ತಾವಾಗಿ ದಾಟಿದವು.

ಸಾಲು ಸಾಲು ಬರ, 2019ರ ಆಗಸ್ಟಿನಲ್ಲಿ ರಾಮದುರ್ಗ ಭಾಗವನ್ನು ಮುಳುಗಿಸಿದ ಮಲಪ್ರಭೆಯ ಪ್ರವಾಹ, ಬಿದ್ದ ದರ — ಇವನ್ನೆಲ್ಲ ಉಂಡವರು ಕೈಚೆಲ್ಲಿದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಅವರಿಗೆ ಭಾಷಣ ನಾಟುವುದಿಲ್ಲ. ಜೊತೆಗೆ ನಡೆದು ಒಂದು ಕೆಲಸ ಮುಗಿಸಿಕೊಡುವವರು ಬೇಕು. ಕರ್ನಾಟಕದಲ್ಲಿ 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರಗಳಲ್ಲಿ ಇದೂ ಒಂದು ಎಂದು ನಾನು ನಂಬುತ್ತೇನೆ. ವಾರಕ್ಕೆ ಇಷ್ಟು ಉಳಿತಾಯ, ಪುಟ್ಟ ಸಾಲ, ಮರುಪಾವತಿ, ಆಮೇಲೆ ಬ್ಯಾಂಕಿನ ಮೆಟ್ಟಿಲು. ಒಬ್ಬಳೇ ಹೋಗಲು ಹಿಂಜರಿದವಳು ಹತ್ತು ಜನರ ಜೊತೆ ಹೋಗಿ ಸಹಿ ಹಾಕಿ ಬಂದಳು. ಎರಡನೇ ಸಲ ಒಬ್ಬಳೇ ಹೋದಳು.

ಹಾಗೆಂದು ಕೆಟ್ಟದ್ದನ್ನು ಮುಂಚೆಯೇ ನೆನೆಯುವುದೆಲ್ಲ ಕೇಡಲ್ಲ. ನಮ್ಮ ಒಣಬೇಸಾಯದ ಹಿರಿಯರು ಜೋಳದ ಹೊಲದಲ್ಲಿ ನಾಲ್ಕಾರು ಸಾಲಿಗೊಂದು ತೊಗರಿಯ ಅಕ್ಕಡಿ ಹಾಕುತ್ತಿದ್ದರು. ಮಳೆ ಕೈಕೊಡಬಹುದು, ಒಂದು ಬೆಳೆ ಹೋಗಬಹುದು ಎಂಬುದು ಅವರ ಲೆಕ್ಕದ ಮೊದಲ ಸಾಲು. ಆದರೂ ಬಿತ್ತುವುದನ್ನು ಬಿಡಲಿಲ್ಲ. ಹೋಗಬಹುದು ಎಂಬ ಭಯವೇ ಬಿತ್ತಿಗೆಯ ಯೋಜನೆಯಾಯಿತು. ಜೂಲಿ ನೋರೆಮ್ ಎಂಬ ಮನಶ್ಶಾಸ್ತ್ರಜ್ಞೆ ಇಂಥ ಸ್ವಭಾವದವರನ್ನೇ ಅಧ್ಯಯನ ಮಾಡಿ, ಏನೇನು ಕೆಡಬಹುದೆಂದು ಯೋಚಿಸಿ ತಯಾರಾಗುವವರನ್ನು ಬಲವಂತವಾಗಿ ಆಶಾವಾದಿಗಳನ್ನಾಗಿ ಮಾಡಿದರೆ ಅವರ ಕೆಲಸವೇ ಕೆಡುತ್ತದೆ ಎಂದು ತೋರಿಸಿದ್ದಾರೆ. ‘ಕೆಡಬಹುದು’ ಎಂದ ಮೇಲೆ ‘ಹಾಗಾದರೆ ಏನು ಮಾಡೋಣ’ ಎಂಬ ಪ್ರಶ್ನೆ ಬರುತ್ತದೋ ಇಲ್ಲವೋ, ಅಷ್ಟನ್ನು ನೋಡಿದರೆ ಸಾಕು.

ಸಿನಿಕತನ ಕರಗುವುದು ಗುರುತಿನವರ ಮೂಲಕ. ಆಗಿನ ಆಂಧ್ರಪ್ರದೇಶದ ಮಹಬೂಬ್‌ನಗರ ಮತ್ತು ಅನಂತಪುರ ಜಿಲ್ಲೆಗಳಲ್ಲಿ ಮಳೆ ವಿಮೆಯ ಬಗ್ಗೆ ಶಾನ್ ಕೋಲ್, ಜೇವಿಯರ್ ಜಿನೇ ಮೊದಲಾದ ಅರ್ಥಶಾಸ್ತ್ರಜ್ಞರು ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊರಿಗೆ ಮೊದಲೇ ಪರಿಚಯವಿದ್ದ ಸಂಸ್ಥೆಯ ಕಾರ್ಯಕರ್ತ ವಿಮೆ ಹೇಳುವವನನ್ನು ಪರಿಚಯಿಸಿದಾಗ ಕೊಂಡವರು ಗಮನಾರ್ಹವಾಗಿ ಹೆಚ್ಚಿದರು. ವಿಮೆ ಅದೇ, ದರ ಅದೇ. ಗುಜರಾತಿನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಊರಲ್ಲಿ ಕೆಲವರಿಗೆ ಪರಿಹಾರ ಬಂದದ್ದನ್ನು ಕಂಡ ಮರುವರ್ಷ ಉಳಿದವರಲ್ಲೂ ವಿಮೆ ಕೊಳ್ಳುವವರು ಹೆಚ್ಚಿದರು. ನಮ್ಮ ರಾಜ್ಯದಲ್ಲಿ 2009ರಲ್ಲಿ ಇಕ್ರಿಸ್ಯಾಟ್ ಸಹಯೋಗದಲ್ಲಿ ಶುರುವಾದ ಭೂಚೇತನ ಯೋಜನೆ ಸತು, ಬೋರಾನ್, ಗಂಧಕದ ಕೊರತೆಯ ಮಾತನ್ನು ಹಳ್ಳಿಗೆ ಮುಟ್ಟಿಸಲು ಊರಿನ ರೈತರನ್ನೇ ಆರಿಸಿ ‘ರೈತ ಅನುವುಗಾರರು’ ಎಂದು ಕರೆದದ್ದರ ಹಿಂದೆಯೂ ಇದೇ ತಿಳಿವಳಿಕೆ ಇತ್ತು. ಪಂಚಾಯಿತಿಗಳು ಈ ದಾರಿಯಲ್ಲಿ ಒಂದು ಸುಲಭದ ಕೆಲಸ ಮಾಡಬಹುದು: ಪ್ರತಿ ವರ್ಷ ಬೆಳೆ ಕಟಾವು ಪ್ರಯೋಗದ ಇಳುವರಿ, ಗೊತ್ತು ಮಾಡಿದ ಮಟ್ಟ, ಬಂದ ಪರಿಹಾರ ಮೂರನ್ನೂ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸುವುದು. ಜನರ ಸಂಶಯಕ್ಕೆ ಜನರನ್ನೇ ದೂರುವ ಕಚೇರಿ ಮೊದಲು ತನ್ನ ಗೋಡೆ ನೋಡಿಕೊಳ್ಳಬೇಕು.

ಓದುಗರು ತಾವೇ ಮಾಡಬಹುದಾದದ್ದು ಏನು? ಅವಕಾಶವೊಂದು ಎದುರು ಬಂದಾಗ ‘ಆಗಂಗಿಲ್ಲ’ ಎಂಬ ಮಾತು ನಾಲಿಗೆಗೆ ಬಂದರೆ ಅದನ್ನು ಪ್ರಶ್ನೆಯಾಗಿ ತಿರುಗಿಸಿ: ಯಾಕೆ ಆಗುವುದಿಲ್ಲ, ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲ? ಆಗದಿದ್ದರೆ ಹೋಗುವುದೆಷ್ಟು ಎಂದು ರೂಪಾಯಿಯಲ್ಲಿ, ದಿನದಲ್ಲಿ ಬರೆಯಿರಿ. ಆಗಿಬಿಟ್ಟರೆ ಸಿಗುವುದೆಷ್ಟು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಹೋಗುವುದು ಒಂದು ದಿನದ ಕೂಲಿ ಇದ್ದು ಬರುವುದು ಮಗುವಿನ ನಾಲ್ಕು ವರ್ಷದ ಓದಿನ ಖರ್ಚಾಗಿದ್ದರೆ ನಂಬಿಕೆಯ ಮಾತೇ ಬೇಡ, ಅನುಮಾನ ಇಟ್ಟುಕೊಂಡೇ ಅರ್ಜಿ ಹಾಕಬಹುದು. ಹೋಗುವುದು ಹೊಲ, ಬಂಗಾರ, ಜೀವಮಾನದ ಉಳಿತಾಯವಾಗಿದ್ದರೆ ಎಷ್ಟು ಅನುಮಾನವಿದ್ದರೂ ಕಡಿಮೆಯೇ. ಹೊಸ ತಳಿ, ಹೊಸ ಬೆಳೆಯಾದರೆ ಒಂದು ಎಕರೆಯ ಮೂಲೆಯಲ್ಲಿ ಹತ್ತು ಗುಂಟೆ ಬಿತ್ತಿ ನೋಡಿ. ಪರೀಕ್ಷೆ ಅಗ್ಗವಾಗಿದ್ದಾಗ ಅನುಮಾನ ಬೇಗ ತೀರುತ್ತದೆ, ಹೌದೆಂದಾದರೂ ಅಲ್ಲವೆಂದಾದರೂ.

ಅರ್ಜಿ ಹಾಕಿದ ಮೇಲೆ ಕಾಗದ ಕೈಯಲ್ಲಿರಲಿ. ವಿಮೆಯ ರಸೀತಿ, ಅರ್ಜಿ ಸಂಖ್ಯೆ ಜೋಪಾನ ಮಾಡಿ; ಕರ್ನಾಟಕದ ‘ಸಂರಕ್ಷಣೆ’ ಪೋರ್ಟಲಿನಲ್ಲಿ ಅರ್ಜಿ ಎಲ್ಲಿದೆ ಎಂದು ನೋಡಬಹುದು. ಆಲಿಕಲ್ಲಿನಂಥ ಅನಾಹುತ ನಿಮ್ಮ ಹೊಲಕ್ಕಷ್ಟೇ ಆದರೆ ಪಂಚಾಯಿತಿ ಸರಾಸರಿಯ ನಿಯಮ ಅಲ್ಲಿ ಇಲ್ಲ, ನಿಮ್ಮ ಹೊಲವನ್ನೇ ನೋಡುತ್ತಾರೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಉತ್ತರ ಕೊಡದ ಕಚೇರಿಯಿಂದ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಬೆಳೆ ಕಟಾವಿನ ಅಂಕಿ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು.

ಪರಿಹಾರ ತಪ್ಪುವುದಕ್ಕೆ ಪದೇ ಪದೇ ಕಾಣುವ ಇನ್ನೊಂದು ಕಾರಣ, ವಿಮೆಯಲ್ಲಿ ಬರೆಸಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಇನ್ನೊಂದು ಆಗಿರುವುದು. ‘ಬೆಳೆ ದರ್ಶಕ್’ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರು ಹಾಕಿದರೆ ಏನು ದಾಖಲಾಗಿದೆ ಎಂಬುದು ಕಾಣುತ್ತದೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಹುಡುಗರಿಗೆ ಈ ಕೆಲಸ ಒಪ್ಪಿಸಿ. ಹೆಸರು ಬಿತ್ತಿದ ಹೊಲದಲ್ಲಿ ಸೋಯಾಬೀನ್ ಎಂದಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದನ್ನು ಕೊಯ್ಲಿಗೆ ಮುಂಚೆ ಮಾಡಿ. ಬೆಳೆ ನಿಂತಿರುವಾಗಲಾದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಹೊಲಕ್ಕೇ ಕರೆದು ತೋರಿಸಬಹುದು.